ಹೀರೇಕಾಯಿ ಹಾಕಿದರೂ ಅದು ರಟಟೂಯಿಯೇ

ರಟಟೂಯಿ ಎನ್ನುವ ಫ್ರೆಂಚ್ ತರಕಾರಿ ಅಡುಗೆಗೆ ಬೇಕಾಗುವುದು ಬದನೆಕಾಯಿ, ಟೊಮೆಟೊ, ದೊಣ್ಣೆ ಮೆಣಸಿನಕಾಯಿ, ಈರುಳ್ಳಿ, ಬೆಳ್ಳುಳ್ಳಿ, ಜುಕೀನಿ, ಆಲಿವ್ ಎಣ್ಣೆ, ಉಪ್ಪು, ಒಂದು ಹಿಡಿ ಸುವಾಸನೆಯ ಸೊಪ್ಪು. ಇವುಗಳಲ್ಲಿ ಮೊದಲ ಐದು ದಾವಣಗೆರೆಯ ಎಸ್.ಎಸ್. ಬಡಾವಣೆಯಲ್ಲಿ ಬೆಳಗ್ಗೆ ಕೂಗಿಕೊಂಡು ಬರುವ ತಳ್ಳುಗಾಡಿಯ ಮೇಲೇ ಸಿಗುತ್ತವೆ. ಹಾಗಿದ್ದೂ ಇದನ್ನು ನಮ್ಮ ಒಲೆಯ ಮೇಲೆ ಆಗುವ ಅಡುಗೆ ಎಂದು ಇಲ್ಲಿ ಯಾರೂ ಎಣಿಸಿದಂತಿಲ್ಲ. ಅದಕ್ಕೆ ಒಂದು ಕಾರಣ 2007ರಲ್ಲಿ ಬಂದ, ಇದೇ ಹೆಸರಿನ ಪಿಕ್ಸಾರ್ ಸಂಸ್ಥೆಯ ಕಾರ್ಟೂನ್ ಸಿನಿಮಾ. ಇಲಿಯೊಂದು ಪ್ಯಾರಿಸ್ಸಿನ ದೊಡ್ಡ ಹೋಟೆಲಿನಲ್ಲಿ ಅಡುಗೆ ಮಾಡುವ ಆ ಕಥೆಯನ್ನು ನೋಡಿದ ಮಕ್ಕಳಿಗೆ ರಟಟೂಯಿ ಎಂದರೆ ತೆಳುವಾದ ಬಿಲ್ಲೆಗಳನ್ನು ಬಣ್ಣಬಣ್ಣವಾಗಿ ಸುತ್ತಿ ಜೋಡಿಸಿದ ತಟ್ಟೆ. ಆ ತಟ್ಟೆ ಮನೆಯ ಅಡುಗೆಯಲ್ಲ. ಮಿಶೆಲ್ ಗೆರಾರ್ ಎಂಬ ಫ್ರೆಂಚ್ ಬಾಣಸಿಗರು 1976ರಲ್ಲಿ ಪುಸ್ತಕಕ್ಕಿಳಿಸಿದ ಒಂದು ಬಗೆಯನ್ನು ಅಮೆರಿಕದ ಬಾಣಸಿಗ ಥಾಮಸ್ ಕೆಲ್ಲರ್ ಸಿನಿಮಾಕ್ಕೆಂದು ತಿದ್ದಿಕೊಟ್ಟದ್ದು ಅದು. ದಕ್ಷಿಣ ಫ್ರಾನ್ಸಿನ ನೀಸ್ ನಗರದ ಮನೆಗಳಲ್ಲಿ ಆಗುವ ರಟಟೂಯಿಗೆ ಅಂಥ ಅಂದಚಂದವೇನೂ ಇಲ್ಲ. ಕೆಂಪು ಕಂದು ಬಣ್ಣದ, ಎಣ್ಣೆ ಮಿನುಗುವ, ಮೆತ್ತಗಿನ ಪಲ್ಯದಂಥ ರಾಶಿ ಅದು. ಫೋಟೊ ತೆಗೆದರೆ ಚೆನ್ನಾಗಿ ಕಾಣುವುದೂ ಇಲ್ಲ.

ಸಿನಿಮಾದ ತಟ್ಟೆಯನ್ನು ಪಕ್ಕಕ್ಕಿಟ್ಟು ಮನೆಯ ಅಡುಗೆಯನ್ನೇ ನೋಡಿದರೆ ಎದುರಾಗುವ ಪ್ರಶ್ನೆ ಬೇರೆ: ಇದರಲ್ಲಿ ಬದಲಾಯಿಸಬಹುದಾದ್ದು ಯಾವುದು, ಬದಲಾಯಿಸಬಾರದ್ದು ಯಾವುದು? ಸಾಮಾನ್ಯವಾಗಿ ನಾವು ಮಾಡುವುದು ತಿರುವುಮುರುವು. ಜುಕೀನಿ ಎಲ್ಲಿ ಸಿಗುತ್ತದೆ, ಆಲಿವ್ ಎಣ್ಣೆ ಯಾವ ಬ್ರಾಂಡಿನದು ಎಂದು ಸಾಮಾನಿನ ಹಿಂದೆ ಓಡುತ್ತೇವೆ. ಎಲ್ಲ ಸಿಕ್ಕಿದ ಮೇಲೆ ಒಟ್ಟಿಗೆ ಹೆಚ್ಚಿ ಕುಕ್ಕರಿಗೆ ಹಾಕಿ ಎರಡು ಸೀಟಿ ಕೂಗಿಸುತ್ತೇವೆ. ಬರುವುದು ನೀರುನೀರಾದ ಕೆಂಪು ಸಾಗು. ಆಮೇಲೆ ‘ಫ್ರೆಂಚರ ಅಡುಗೆ ಸಪ್ಪೆ’ ಎಂಬ ತೀರ್ಪು. ಇದಕ್ಕಿಂತ, ಜುಕೀನಿಯ ಜಾಗದಲ್ಲಿ ಹೀರೇಕಾಯಿ, ಆಲಿವ್ ಎಣ್ಣೆಯ ಜಾಗದಲ್ಲಿ ಶೇಂಗಾ ಎಣ್ಣೆ ಹಾಕಿ, ಒಂದೊಂದು ತರಕಾರಿಯನ್ನೂ ಬೇರೆಬೇರೆಯಾಗಿ ಬಾಡಿಸಿ ಕೊನೆಗೆ ಕೂಡಿಸಿದವರ ಬಾಣಲೆಯಲ್ಲಿ ಇರುವುದು ಹೆಚ್ಚು ನಿಜವಾದ ರಟಟೂಯಿ. ತರಕಾರಿಯ ನೀರನ್ನು ಬೆಂಕಿಯಿಂದ ಹಾರಿಸಿ ರುಚಿಯನ್ನು ಗಟ್ಟಿಮಾಡುವುದೇ ಈ ಅಡುಗೆಯ ಜೀವ. ಯಾವ ತರಕಾರಿ ಎನ್ನುವುದು ಊರಿಂದೂರಿಗೆ ಬದಲಾಗಬಹುದು, ಹಿಂದೆಯೂ ಬದಲಾಗಿದೆ.

ಹಿಂದೆ ಬದಲಾಗಿದೆ ಎನ್ನಲು ರಟಟೂಯಿಯ ಚರಿತ್ರೆಯೇ ಸಾಕ್ಷಿ. ಫ್ರಾನ್ಸಿನ ಸಾಂಪ್ರದಾಯಿಕ ಅಡುಗೆ ಎಂದು ನಾವು ಕರೆಯುವ ಇದರ ಊರಾದ ನೀಸ್, ಸಾರ್ಡೀನಿಯಾ ರಾಜ್ಯದಿಂದ ಫ್ರಾನ್ಸಿನ ಕೈಸೇರಿದ್ದು 1860ರಲ್ಲಿ. ಇಟಲಿಯ ಏಕೀಕರಣದ ಪಾಠದಲ್ಲಿ ನಾವೆಲ್ಲ ಓದಿದ ಗ್ಯಾರಿಬಾಲ್ಡಿ ಹುಟ್ಟಿದ್ದು ಅದೇ ಊರಿನಲ್ಲಿ, 1807ರಲ್ಲಿ. ಇನ್ನು ತರಕಾರಿಗಳ ವಿಚಾರ. ಟೊಮೆಟೊ, ದೊಣ್ಣೆ ಮೆಣಸಿನಕಾಯಿ ಎರಡೂ ಅಮೆರಿಕ ಖಂಡದವು. ಕೊಲಂಬಸ್ ಹೋಗಿಬಂದ ಮೇಲೆ ಯುರೋಪು ಅವುಗಳ ಮುಖ ಕಂಡದ್ದು. ಜುಕೀನಿಯ ಮೂಲ ಕುಂಬಳದ ಜಾತಿಯೂ ಅಮೆರಿಕದ್ದೇ, ಇವತ್ತಿನ ಎಳೆಯ ಹಸಿರು ಕಾಯಿಯ ರೂಪಕ್ಕೆ ಅದನ್ನು ತಂದವರು ಉತ್ತರ ಇಟಲಿಯ ಬೆಳೆಗಾರರು. ಈ ನಾಲ್ಕರಲ್ಲಿ ಬದನೆಯೊಂದು ಮಾತ್ರ ಹಳೆಯ ಜಗತ್ತಿನದು, ಅದೂ ಏಷ್ಯಾದ ನಮ್ಮ ಕಡೆಯದು. ಪರ್ಷಿಯಾ, ಅರಬ್ ದೇಶಗಳನ್ನು ಹಾದು ಮಧ್ಯಯುಗದಲ್ಲಿ ಸ್ಪೇನು, ಇಟಲಿಗಳನ್ನು ಮುಟ್ಟಿತು. ಬದನೆಯ ಮೇಲೆ ನಮಗಿರುವ ಹಕ್ಕಿನ ಭಾವ ಸಣ್ಣದಲ್ಲ. ಕೇಂದ್ರ ಸರ್ಕಾರ 2010ರ ಫೆಬ್ರವರಿಯಲ್ಲಿ ಕುಲಾಂತರಿ ಬಿಟಿ ಬದನೆಗೆ ತಡೆ ಹಾಕಿದಾಗ ಕೊಟ್ಟ ಕಾರಣಗಳಲ್ಲಿ ಭಾರತ ಬದನೆಯ ತವರು, ಇಲ್ಲಿನ ತಳಿ ವೈವಿಧ್ಯಕ್ಕೆ ಧಕ್ಕೆಯಾಗಬಾರದು ಎನ್ನುವುದೂ ಒಂದಾಗಿತ್ತು. ಉಡುಪಿಯ ಮಟ್ಟುಗುಳ್ಳ ಬದನೆ ಭೌಗೋಳಿಕ ಗುರುತಿನ ಮಾನ್ಯತೆಯನ್ನೇ ಪಡೆದುಕೊಂಡಿದೆ. ಅಂತೂ ರಟಟೂಯಿಯ ಮುಖ್ಯ ತರಕಾರಿಗಳಲ್ಲಿ ಫ್ರಾನ್ಸಿನ ನೆಲದ್ದು ಎನ್ನುವಂಥದ್ದು ಒಂದೂ ಇಲ್ಲ. ಹೊರಗಿನಿಂದ ಬಂದದ್ದು ಹಿತ್ತಲಲ್ಲಿ ಚೆನ್ನಾಗಿ ಬೆಳೆಯಿತು, ಬೇಸಿಗೆಯಲ್ಲಿ ಎಲ್ಲ ಒಟ್ಟಿಗೇ ರಾಶಿಬಿದ್ದವು, ಅವನ್ನೆಲ್ಲ ಕೂಡಿಸಿ ಬೇಯಿಸಿದರು. ಸ್ಪೇನಿನಲ್ಲಿ ಹಾಗೆ ಕೂಡಿಸಿದ್ದು ಪಿಸ್ತೊ, ಸಿಸಿಲಿಯಲ್ಲಿ ವಿನಿಗರ್ ಸಕ್ಕರೆ ಬಿದ್ದು ಕಪೊನಾತ. ತುರ್ಕಿಯಿಂದ ಹಂಗೆರಿಯವರೆಗೆ ಪ್ರತಿ ಊರಿಗೂ ತನ್ನದೊಂದು ಬಗೆ ಇದೆ.

ಇಲ್ಲಿ ದಾವಣಗೆರೆಯವರೇ ಎತ್ತಬಹುದಾದ ಆಕ್ಷೇಪವೊಂದಿದೆ, ಅದು ಗಟ್ಟಿಯಾದ ಆಕ್ಷೇಪ. ಬೆಂಗಳೂರಿನ ಗಲ್ಲಿಗಲ್ಲಿಯಲ್ಲಿ ‘ದಾವಣಗೆರೆ ಬೆಣ್ಣೆ ದೋಸೆ’ ಎಂಬ ಬೋರ್ಡು ಹಾಕಿ ಏನೇನನ್ನೋ ಬಡಿಸಿದಾಗ ನಮಗೆ ಸಿಟ್ಟು ಬರುತ್ತದೆ. ನಮ್ಮ ದೋಸೆಯ ಹೆಸರಿಗೆ ಕಾವಲು ಬೇಕು ಎನ್ನುವವರು ನೀಸ್‌ನವರ ಅಡುಗೆಗೆ ಹೀರೇಕಾಯಿ ಹಾಕಿ ಅದೇ ಹೆಸರಿನಿಂದ ಕರೆಯುವುದು ಯಾವ ನ್ಯಾಯ? ನೀಸ್‌ನವರಿಗೂ ಈ ಕಾಳಜಿ ಇದೆ. ಊರಿನ ಹಳೆಯ ಪಾಕವಿಧಾನಗಳನ್ನು ಪಾಲಿಸುವ ಹೋಟೆಲುಗಳಿಗೆ ಅಲ್ಲಿ ‘ಕ್ವಿಜಿನ್ ನಿಸಾರ್ದ್’ ಎಂಬ ಗುರುತು ಕೊಡುತ್ತಾರೆ. ಆದರೆ ಗಮನಿಸಿ: ಆ ಕಾವಲು ಇರುವುದು ದುಡ್ಡು ತೆಗೆದುಕೊಂಡು ಹೆಸರು ಮಾರುವ ಕಡೆ. ಮನೆಯ ಒಲೆಗೆ ಬೋರ್ಡಿಲ್ಲ, ಗಿರಾಕಿಯೂ ಇಲ್ಲ, ಮೋಸಹೋಗುವವರೂ ಇಲ್ಲ. ಅದಕ್ಕಿಂತ ಮುಖ್ಯವಾದ ಮಾತು, ಹೊರಗಿನ ಬೆಣ್ಣೆ ದೋಸೆಯನ್ನು ತಿಂದ ದಾವಣಗೆರೆಯವರು ದೂರುವುದು ಬೆಣ್ಣೆ ಬೇರೆ ಊರಿನದು ಎಂದಲ್ಲ. ಹದ ಬಂದಿಲ್ಲ ಎಂದು. ಹಿಟ್ಟಿನ ಹುಳಿ, ಕಾವಲಿಯ ಕಾವು, ದೋಸೆಯ ದಪ್ಪ ಇವು ತಪ್ಪಿದರೆ ಮೇಲೆ ಎಷ್ಟು ಬೆಣ್ಣೆ ಸವರಿದರೂ ಅದು ಆ ದೋಸೆಯಾಗುವುದಿಲ್ಲ. ಅಂದರೆ ನಮ್ಮ ಸಿಟ್ಟಿನ ಒಳಗೇ ಸಾಮಾನಿಗಿಂತ ಹದ ದೊಡ್ಡದು ಎಂಬ ಒಪ್ಪಿಗೆ ಇದೆ. ರಟಟೂಯಿಗೆ ಕೇಳುತ್ತಿರುವುದೂ ಅದೇ ನ್ಯಾಯವನ್ನು.

ಈಗ ಆ ಹದ ಯಾವುದು ಎಂದು ನೋಡಬೇಕು. ಈ ಅಡುಗೆಗೆ ಬೀಳುವ ಬದನೆ, ಟೊಮೆಟೊ, ಜುಕೀನಿ, ದೊಣ್ಣೆ ಮೆಣಸಿನಕಾಯಿ ನಾಲ್ಕರಲ್ಲೂ ತೂಕದ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಪಾಲು ನೀರು. ಬಾಣಲೆಯ ತಳದಲ್ಲಿ ನೀರು ನಿಂತಿರುವವರೆಗೆ ಅಲ್ಲಿನ ಶಾಖ 100 ಡಿಗ್ರಿ ಸೆಲ್ಸಿಯಸ್ ದಾಟುವುದಿಲ್ಲ. ಬೆಂಕಿ ಎಷ್ಟು ಜೋರು ಮಾಡಿದರೂ ಆ ಶಾಖವೆಲ್ಲ ನೀರನ್ನು ಆವಿ ಮಾಡುವುದರಲ್ಲೇ ಮುಗಿಯುತ್ತದೆ. ತರಕಾರಿಯ ಮೈ ಕಂದುಬಣ್ಣಕ್ಕೆ ತಿರುಗಿ ಹುರಿದ ಪರಿಮಳ ಬರಬೇಕಾದರೆ ಸುಮಾರು 140 ಡಿಗ್ರಿ ಬೇಕು. ನಾಲ್ಕನ್ನೂ ಒಟ್ಟಿಗೆ ಸುರಿದಾಗ ಎಲ್ಲವೂ ಒಮ್ಮೆಗೇ ನೀರು ಬಿಟ್ಟು ತಮ್ಮ ನೀರಿನಲ್ಲಿ ತಾವೇ ಬೇಯುತ್ತವೆ, ಹುರಿಯುವ ಮಾತೇ ಇಲ್ಲ. ಎರಡನೆಯ ತೊಡಕು ಟೊಮೆಟೊದ ಹುಳಿ. ಹುಳಿ ಸೇರಿದರೆ ತರಕಾರಿಯ ಜೀವಕೋಶಗಳನ್ನು ಹಿಡಿದಿರುವ ಪೆಕ್ಟಿನ್ ಬೇಗ ಸಡಿಲವಾಗುವುದಿಲ್ಲ. ಹುಣಸೆಹುಳಿಯನ್ನು ತರಕಾರಿ ಬೆಂದ ಮೇಲೇ ಹಾಕಬೇಕು ಎಂದು ನಮ್ಮ ಮನೆಗಳಲ್ಲಿ ಹೇಳಿಕೊಡುವುದು ಇದಕ್ಕೇ. ಮೂರನೆಯದು, ಒಂದೊಂದು ಕಾಯಿ ಬೇಯುವ ಹೊತ್ತು ಒಂದೊಂದು. ದೊಣ್ಣೆ ಮೆಣಸಿನಕಾಯಿಯ ಸಿಪ್ಪೆ ಮೆತ್ತಗಾಗುವಷ್ಟರಲ್ಲಿ ಎಳೆ ಜುಕೀನಿ ಕರಗಿ ಹೋಗಿರುತ್ತದೆ. ಆದ್ದರಿಂದಲೇ ಫ್ರೆಂಚ್ ಅಡುಗೆಯ ವಿಶ್ವಕೋಶ ಎನಿಸಿದ ‘ಲರೂಸ್ ಗ್ಯಾಸ್ಟ್ರೊನಮೀಕ್’, ಪಕ್ಕಾ ಶಾಸ್ತ್ರದವರ ಪ್ರಕಾರ ತರಕಾರಿಗಳನ್ನು ಬೇರೆಬೇರೆ ಬೇಯಿಸಿ ಆಮೇಲೆ ಕೂಡಿಸಿ ನಿಧಾನವಾಗಿ ಹದಕ್ಕೆ ತರಬೇಕು ಎನ್ನುತ್ತದೆ. ಅಮೆರಿಕದ ಮನೆಗಳಿಗೆ ಫ್ರೆಂಚ್ ಅಡುಗೆ ಕಲಿಸಿದ ಜೂಲಿಯಾ ಚೈಲ್ಡ್ ಮತ್ತು ಸಂಗಡಿಗರು 1961ರ ತಮ್ಮ ಪುಸ್ತಕದಲ್ಲಿ ಹೇಳಿದ್ದೂ ಸರಿಸುಮಾರು ಇದನ್ನೇ. ಫ್ರಾನ್ಸಿನಲ್ಲೇ ಎಲ್ಲವನ್ನೂ ಒಂದೇ ಪಾತ್ರೆಗೆ ಹಾಕುವ ಮನೆಗಳು ಬೇಕಾದಷ್ಟಿವೆ ನಿಜ. ಅವಸರದ ದಿನ ಎಲ್ಲ ದೇಶದಲ್ಲೂ ಇರುತ್ತದೆ. ಹಾಗೆಂದು ಅವಸರದ ರೀತಿಯೇ ಮಾದರಿಯಾಗಬೇಕಿಲ್ಲ.

‘ಇಷ್ಟೆಲ್ಲ ಹೇಳಿ ಕೊನೆಗೆ ಮಾಡುವುದು ಬದನೆಕಾಯಿ ಪಲ್ಯ ತಾನೆ, ನಮ್ಮ ಎಣ್ಣೆಗಾಯಿಯ ಮುಂದೆ ಇದೇನು ಹೆಚ್ಚು?’ ಎಂದು ಕೇಳುವವರಿದ್ದಾರೆ. ಎಣ್ಣೆಗಾಯಿಯ ಮುಂದೆ ಹೆಚ್ಚು ಎಂದು ಯಾರೂ ಹೇಳುತ್ತಿಲ್ಲ. ಆದರೆ ಎರಡೂ ಒಂದೇ ಅಲ್ಲ, ಏಕಲ್ಲ ಎಂದು ನೋಡಿದರೆ ನಮ್ಮ ಅಡುಗೆಯ ಗುಟ್ಟೂ ಸ್ವಲ್ಪ ಬಿಚ್ಚಿಕೊಳ್ಳುತ್ತದೆ. ಎಣ್ಣೆಗಾಯಿಯ ಹೂರಣದಲ್ಲಿ ಶೇಂಗಾಪುಡಿ, ಗುರೆಳ್ಳು, ಕೊಬ್ಬರಿ ಇರುತ್ತವೆ. ರುಚಿ ಕೊಡುವುದರ ಜೊತೆಗೆ ಅವು ಮಾಡುವ ಇನ್ನೊಂದು ಕೆಲಸ, ಬದನೆ ಬಿಟ್ಟ ನೀರನ್ನು ಹೀರಿಕೊಂಡು ಗೊಜ್ಜನ್ನು ಮಂದ ಮಾಡುವುದು. ಸಾಂಬಾರಿನಲ್ಲಿ ಆ ಕೆಲಸ ಬೇಳೆಯದು, ಸಾಗುವಿನಲ್ಲಿ ರುಬ್ಬಿದ ಕಾಯಿ ಹುರಿಗಡಲೆಯದು. ತರಕಾರಿಯ ನೀರನ್ನು ನಾವು ಪುಡಿ, ಬೇಳೆಗಳಿಂದ ಹಿಡಿದಿಡುತ್ತೇವೆ. ನೀಸ್‌ನವರು ಬೆಂಕಿಯಿಂದ ಹಾರಿಸುತ್ತಾರೆ. ಮಸಾಲೆಯ ಆಸರೆ ಇಲ್ಲದ್ದರಿಂದ ರಟಟೂಯಿಯಲ್ಲಿ ತರಕಾರಿ ತನ್ನ ರುಚಿಯೊಂದರಿಂದಲೇ ನಿಲ್ಲಬೇಕು, ಅದಕ್ಕೇ ಅಷ್ಟು ಕಾಳಜಿ. ಹಾಗೆಂದು ಬೇರೆಬೇರೆ ಹುರಿಯುವುದು ನಮಗೆ ಗೊತ್ತಿಲ್ಲದ ವಿದ್ಯೆಯೂ ಅಲ್ಲ. ಬೆಂಡೆಕಾಯಿ ಗೊಜ್ಜಿಗೆ ಬೆಂಡೆಯನ್ನು ಲೋಳೆ ಹೋಗುವವರೆಗೆ ಮೊದಲೇ ಹುರಿದು ಎತ್ತಿಟ್ಟುಕೊಳ್ಳುವುದಿಲ್ಲವೇ? ವಾಂಗಿಬಾತಿನ ಬದನೆಯನ್ನು ಅನ್ನದ ಜೊತೆ ಬೇಯಿಸುವವರು ಯಾರು? ಗೊತ್ತಿರುವ ವಿದ್ಯೆಯನ್ನೇ ನಾಲ್ಕೈದು ತರಕಾರಿಗೆ ಹರಡಿದರೆ ಸಾಕು.

ನಾಲ್ಕೈದು ಜನರ ಮನೆಗೆ ಅರ್ಧ ಕಿಲೊ ಬದನೆಕಾಯಿ, 400 ಗ್ರಾಂ ಎಳೆ ಹೀರೇಕಾಯಿ, ಮೂರು ದೊಣ್ಣೆ ಮೆಣಸಿನಕಾಯಿ, ಎರಡು ದೊಡ್ಡ ಈರುಳ್ಳಿ, ಏಳೆಂಟು ಎಸಳು ಬೆಳ್ಳುಳ್ಳಿ, ಮುಕ್ಕಾಲು ಕಿಲೊ ಟೊಮೆಟೊ ಸರಿಹೋಗುತ್ತದೆ. ಎಣ್ಣೆಗಾಯಿಗೆ ತರುವ ಗುಂಡು ಬದನೆಯೂ ಆಗುತ್ತದೆ, ಬೀಜ ಬಲಿತಿರಬಾರದು ಅಷ್ಟೆ. ಬದನೆಯನ್ನು ಹೆಬ್ಬೆರಳಿನ ಗೆಣ್ಣಿನಷ್ಟು ದಪ್ಪ ಹೋಳು ಮಾಡಿ, ಒಂದು ಚಮಚ ಉಪ್ಪು ಸವರಿ ಅರ್ಧ ಗಂಟೆ ಜರಡಿಯಲ್ಲಿಡಿ. ನಾವು ಬದನೆಯನ್ನು ಉಪ್ಪುನೀರಿಗೆ ಹಾಕುವುದು ಕಪ್ಪಾಗದಿರಲಿ ಎಂದು. ಇಲ್ಲಿ ಒಣ ಉಪ್ಪು ಹಾಕುವುದು ನೀರು ಬಿಡಲಿ ಎಂದು. ಬದನೆಯ ತಿರುಳಿನ ತುಂಬ ಗಾಳಿಯ ಸಂದುಗಳಿದ್ದು ಅದು ಸ್ಪಂಜಿನಂತೆ ಎಣ್ಣೆ ಕುಡಿಯುತ್ತದೆ, ಉಪ್ಪು ಬಿದ್ದಾಗ ಆ ಸಂದುಗಳು ಕುಸಿದು ಎಣ್ಣೆಯ ಖರ್ಚು ಕಡಿಮೆಯಾಗುತ್ತದೆ. ಹಿಂಡಿ, ಬಟ್ಟೆಯಲ್ಲಿ ಒತ್ತಿ ಒರೆಸಿ, ದಪ್ಪ ತಳದ ಕಬ್ಬಿಣದ ಬಾಣಲೆಯಲ್ಲಿ ನಾಲ್ಕು ದೊಡ್ಡ ಚಮಚ ಎಣ್ಣೆ ಚೆನ್ನಾಗಿ ಕಾಯಿಸಿ ಹಾಕಿ. ಒಂದೇ ಪದರ ಇರಲಿ, ಹೋಳಿನ ಮೇಲೆ ಹೋಳು ಬಿದ್ದರೆ ಹಬೆಯಾಗಿ ಮೆತ್ತಗಾಗುತ್ತದೆ. ಜಾಗ ಸಾಲದಿದ್ದರೆ ಎರಡು ಸಲ ಮಾಡಬೇಕು. ಹಾಕಿದ ಕೂಡಲೇ ಸೌಟಾಡಿಸುವ ಅಭ್ಯಾಸವನ್ನು ಇಲ್ಲಿ ಬಿಡಬೇಕು. ಎರಡು ಮೂರು ನಿಮಿಷ ಮುಟ್ಟದೆ ಬಿಟ್ಟರೆ ತಳದ ಮುಖ ಕೆಂಪಗಾಗಿ ತಾನಾಗಿ ಬಾಣಲೆ ಬಿಡುತ್ತದೆ. ಆಗ ತಿರುವಿ. ಎಂಟು ಹತ್ತು ನಿಮಿಷದಲ್ಲಿ ಹೋಳು ಹೊರಗೆ ಕಂದು, ಒಳಗೆ ಬೆಣ್ಣೆಯ ಹದವಾಗಿರುತ್ತದೆ, ತಟ್ಟೆಗೆ ತೆಗೆಯಿರಿ.

ಅದೇ ಬಾಣಲೆಗೆ ಒಂದು ಚಮಚ ಎಣ್ಣೆ ಹಾಕಿ ಹೀರೇಕಾಯಿಯನ್ನು ಜೋರು ಉರಿಯಲ್ಲಿ ನಾಲ್ಕೈದು ನಿಮಿಷ ಹುರಿದು, ಇನ್ನೂ ಸ್ವಲ್ಪ ಗಡುಸಿರುವಾಗಲೇ ಎತ್ತಿಡಿ. ಉಪ್ಪು ಈಗ ಬೇಡ, ನೀರು ಕೋಡಿ ಹರಿಯುತ್ತದೆ. ಆಮೇಲೆ ಬೆರಳಗಲ ಸೀಳಿದ ದೊಣ್ಣೆ ಮೆಣಸಿನಕಾಯಿ, ಮೈ ಅಲ್ಲಲ್ಲಿ ಸುಟ್ಟ ಚುಕ್ಕೆ ಬೀಳುವವರೆಗೆ. ಇನ್ನು ಮುಂದೆ ಕಬ್ಬಿಣ ಬೇಡ. ಟೊಮೆಟೊದ ಹುಳಿಗೆ ಅದು ಕಪ್ಪು ಬಿಡುತ್ತದೆ, ಬಾಯಿಗೆ ಒಗರು ಬರುತ್ತದೆ. ದಪ್ಪ ತಳದ ಸ್ಟೀಲ್ ಪಾತ್ರೆಯಲ್ಲಿ ಎರಡು ಮೂರು ಚಮಚ ಎಣ್ಣೆ ಹಾಕಿ ಉದ್ದಕ್ಕೆ ಹೆಚ್ಚಿದ ಈರುಳ್ಳಿಯನ್ನು ಸಣ್ಣ ಉರಿಯಲ್ಲಿ ಕಾಲು ಗಂಟೆ ಬಾಡಿಸಿ. ನಮ್ಮ ಒಗ್ಗರಣೆಯಲ್ಲಿ ಮಾಡುವಂತೆ ಕೆಂಪಗೆ ಹುರಿಯುವುದಲ್ಲ, ಸಿಹಿಯಾಗಿ ಮೆತ್ತಗಾಗಬೇಕು. ಜಜ್ಜಿದ ಬೆಳ್ಳುಳ್ಳಿ ಹಾಕಿ ಹಸಿವಾಸನೆ ಹೋದ ಮೇಲೆ, ಬಿಸಿನೀರಿನಲ್ಲಿ ಅದ್ದಿ ಸಿಪ್ಪೆ ತೆಗೆದ ಟೊಮೆಟೊವನ್ನು ಹೆಚ್ಚಿ ಹಾಕಿ. ಬೀಜದ ಲೋಳೆಯನ್ನು ಚೆಲ್ಲುವವರಿದ್ದಾರೆ, ಚೆಲ್ಲಬೇಡಿ, ರುಚಿ ಅದರಲ್ಲೇ ಹೆಚ್ಚು. ಪೇಟೆಯಲ್ಲಿ ಸಿಗುವ ಗಟ್ಟಿ ಸಿಪ್ಪೆಯ ಹೈಬ್ರಿಡ್ ಟೊಮೆಟೊಗೆ ಹುಳಿ ಸಾಲದು. ಅರ್ಧ ಭಾಗ ಜವಾರಿ ಟೊಮೆಟೊ ಸಿಕ್ಕರೆ ಒಳ್ಳೆಯದು. ಮುಚ್ಚಳ ಹಾಕದೆ ಬೇಯಿಸುತ್ತ ಹೋದರೆ ಇಪ್ಪತ್ತು ನಿಮಿಷದ ಸುಮಾರಿಗೆ ಅಂಚಿನಲ್ಲಿ ಎಣ್ಣೆ ಬಿಡತೊಡಗುತ್ತದೆ. ಸೌಟಿನಿಂದ ನಡುವೆ ಗೆರೆ ಎಳೆದರೆ ಆ ಗೆರೆ ಒಂದು ಕ್ಷಣ ಹಾಗೇ ನಿಲ್ಲಬೇಕು, ನೀರು ನುಗ್ಗಿ ಬಂದು ಮುಚ್ಚಿದರೆ ಇನ್ನೂ ಆಗಿಲ್ಲ. ಆದ ಮೇಲೆ ಎತ್ತಿಟ್ಟದ್ದನ್ನೆಲ್ಲ ಸೇರಿಸಿ, ಸೊಪ್ಪು ಹಾಕಿ, ಉಪ್ಪು ನೋಡಿ, ಸಣ್ಣ ಉರಿಯಲ್ಲಿ ಹತ್ತು ಹದಿನೈದು ನಿಮಿಷ ಮುಚ್ಚದೆ ಬಿಡಿ. ಕಲಕುವುದು ಒಂದೆರಡು ಸಲ ಸಾಕು, ಹೋಳು ಮುರಿಯಬಾರದು.

ಹೀರೇಕಾಯಿಯೇ ಏಕೆ? ಜುಕೀನಿಯಂತೆ ಅದೂ ಸೌತೆ, ಕುಂಬಳಗಳ ಕುಟುಂಬದ್ದು. ಎಳೆಯದಾಗಿದ್ದರೆ ನಯವಾದ ಸಿಹಿ, ತನ್ನದೇ ಒಂದು ಹಸಿರು ಪರಿಮಳ. ಗೆರೆಗಳನ್ನಷ್ಟೇ ಹೆರೆದು ಸಿಪ್ಪೆ ಉಳಿಸಿಕೊಂಡರೆ ಹೋಳು ಆಕಾರ ಬಿಡುವುದಿಲ್ಲ. ಹೆರೆದದ್ದು ಹೇಗೂ ಚಟ್ನಿಗಾಯಿತು. ಬಲಿತ ಕಾಯಿ ನಾರಾಗುತ್ತದೆ, ಕಹಿ ಬಂದ ಕಾಯಿಯನ್ನು ಎಸೆಯಬೇಕು, ಆದ್ದರಿಂದ ಹೆಚ್ಚುವ ಮೊದಲು ತುದಿ ಕಡಿದು ನಾಲಿಗೆಗೆ ಇಟ್ಟು ನೋಡುವ ಹಳೆಯ ಪದ್ಧತಿಯನ್ನು ಇಲ್ಲಿಯೂ ಪಾಲಿಸಬೇಕು. ಎಳೆ ಸೋರೆಕಾಯಿಯೂ ನಡೆಯುತ್ತದೆ, ಆಕಾರದಲ್ಲಿ ಹೀರೇಕಾಯಿಗಿಂತ ಚೆನ್ನಾಗಿ ನಿಲ್ಲುತ್ತದೆ, ರುಚಿ ಮಾತ್ರ ಸ್ವಲ್ಪ ಮಂಕು. ಸೂಪರ್ ಮಾರ್ಕೆಟ್ಟಿನಲ್ಲಿ ಜುಕೀನಿಯೇ ಸಿಕ್ಕರೆ ಬೇಡವೆನ್ನಬೇಕಿಲ್ಲ, ಆದರೆ ದಿನಗಟ್ಟಲೆ ಫ್ರಿಜ್ಜಿನಲ್ಲಿ ಬಾಡಿದ ಜುಕೀನಿಗಿಂತ ಅಂದೇ ಕಿತ್ತ ಹೀರೇಕಾಯಿ ವಾಸಿ. ದೊಣ್ಣೆ ಮೆಣಸಿನಕಾಯಿಯನ್ನು ಈಗ ವಿದೇಶಿ ತರಕಾರಿ ಎಂದು ಯಾರೂ ಕರೆಯುವುದಿಲ್ಲ. ಬೆಂಗಳೂರಿನ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆ ಅರ್ಕಾ ಮೋಹಿನಿ, ಅರ್ಕಾ ಗೌರವ್ ಎಂಬ ತಳಿಗಳನ್ನೇ ಕೊಟ್ಟಿದೆ. ಎಣ್ಣೆಯ ವಿಷಯದಲ್ಲೂ ಕೀಳರಿಮೆ ಬೇಕಿಲ್ಲ. ಪಕ್ಕದ ಚಳ್ಳಕೆರೆಯನ್ನು ಎಣ್ಣೆ ನಗರ ಎಂದೇ ಕರೆಯುತ್ತಾರೆ, ಶೇಂಗಾ ಎಣ್ಣೆ ಜೋರು ಉರಿಗೆ ತಡೆಯುತ್ತದೆ. ಆಲಿವ್ ಎಣ್ಣೆಯ ನಿಜವಾದ ಪರಿಮಳ ಹೇಗೂ ಹುರಿಯುವಾಗ ಬಹುಪಾಲು ಹಾರಿಹೋಗುತ್ತದೆ. ಆ ರುಚಿ ಬೇಕೇ ಬೇಕೆನ್ನುವವರು ಸಣ್ಣ ಬಾಟಲಿ ತಂದು, ಒಲೆಯಿಂದ ಇಳಿಸಿದ ಮೇಲೆ ಒಂದು ಚಮಚ ಹಸಿಯಾಗಿಯೇ ಮೇಲೆ ಹಾಕಿಕೊಂಡರೆ ಖರ್ಚೂ ಕಡಿಮೆ, ರುಚಿಯೂ ಹೆಚ್ಚು.

ಎಲ್ಲಕ್ಕಿಂತ ಸ್ವಾರಸ್ಯವಿರುವುದು ಸೊಪ್ಪಿನಲ್ಲಿ. ನೀಸ್ ಕಡೆಯವರು ಹಾಕುವುದು ಥೈಮ್, ಬೇಸಿಲ್, ಕೆಲವರು ಮಾರ್ಜೊರಂ. ಇವು ಪೊಟ್ಟಣದಲ್ಲಿ ಒಣಗಿ ಬರುವ ದುಬಾರಿ ಸಾಮಾನು ಎಂದುಕೊಂಡಿದ್ದೇವೆ. ಆದರೆ ಬೇಸಿಲ್ ಬೇರೇನಲ್ಲ, ನಮ್ಮ ಕಾಮಕಸ್ತೂರಿ. ಅದರ ಬೀಜವನ್ನು ಬೇಸಿಗೆಯಲ್ಲಿ ಪಾನಕಕ್ಕೆ ನೆನೆಹಾಕುತ್ತೇವೆ, ಎಲೆಯನ್ನು ಹೂವಿನ ಜೊತೆ ಕಟ್ಟುತ್ತೇವೆ. ಮಾರ್ಜೊರಂ ಎನ್ನುವುದು ಹೂವಾಡಿಗರ ಬುಟ್ಟಿಯ ಮರುಗ. ಅವರು ಪಾತ್ರೆಗೆ ಹಾಕುವುದನ್ನು ನಾವು ದೇವರಿಗೆ ಏರಿಸಿ, ಜಡೆಗೆ ಮುಡಿದು, ಒಲೆಯ ಹತ್ತಿರ ಮಾತ್ರ ಬಿಟ್ಟುಕೊಂಡಿಲ್ಲ. ಥೈಮ್ ಗಿಡ ನಮ್ಮಲ್ಲಿ ಅಪರೂಪ, ಆದರೆ ಅದಕ್ಕೆ ಘಾಟು ಕೊಡುವ ಥೈಮಾಲ್, ಕಾರ್ವಕ್ರಾಲ್ ಎಂಬ ತೈಲಾಂಶಗಳು ಕುಂಡದಲ್ಲಿ ಬೆಳೆಯುವ ದೊಡ್ಡಪತ್ರೆಯಲ್ಲಿವೆ, ಅಜವಾನದಲ್ಲೂ ಥೈಮಾಲೇ ಮುಖ್ಯ. ಎರಡು ದೊಡ್ಡಪತ್ರೆ ಎಲೆ ಸಣ್ಣಗೆ ಹೆಚ್ಚಿ ಹಾಕಿ, ಅದಕ್ಕಿಂತ ಹೆಚ್ಚಾದರೆ ತಂಬುಳಿಯ ನೆನಪು ಬರುತ್ತದೆ. ಕಾಮಕಸ್ತೂರಿಯನ್ನು ಇಳಿಸುವಾಗ ಹಾಕಿ. ಹೂವಿನಂಗಡಿಯಿಂದ ತಂದ ಮರುಗ, ಕಾಮಕಸ್ತೂರಿಯನ್ನು ಮಾತ್ರ ಅಡುಗೆಗೆ ಬಳಸಕೂಡದು. ಮುಡಿಯಲೆಂದು ಬೆಳೆದ ಗಿಡಕ್ಕೆ ಏನು ಸಿಂಪಡಿಸಿದ್ದಾರೋ ತಿಳಿಯದು. ನರ್ಸರಿಯಿಂದ ಸಸಿ ತಂದು ಟೆರೇಸಿನ ಮೇಲೆ ಹಚ್ಚಿದರೆ ತಿಂಗಳೊಪ್ಪತ್ತಿನಲ್ಲಿ ಎಲೆ ಸಿಗುತ್ತದೆ. ಪಾಕವಿಧಾನಗಳಲ್ಲಿ ಕಾಣುವ ‘ಬೇ ಲೀಫ್’ಗೆ ನಮ್ಮ ಪಲಾವ್ ಎಲೆಯನ್ನು ಹಾಕುವುದೂ ಬೇಡ. ಅದು ಬೇರೆ ಮರ, ದಾಲ್ಚಿನ್ನಿಯ ವಾಸನೆ ತಂದು ಇಡೀ ಪಾತ್ರೆಯನ್ನು ಪಲಾವಿನ ಕಡೆಗೆ ಎಳೆಯುತ್ತದೆ. ಬದಲಾಯಿಸುವುದಕ್ಕೂ ಲೆಕ್ಕ ಬೇಕು ಎನ್ನುವುದಕ್ಕೆ ಇದನ್ನು ಹೇಳಿದ್ದು.

ಉಳಿದ ಆಕ್ಷೇಪಗಳಲ್ಲಿ ಹಗುರವಾಗಿ ತೆಗೆದುಕೊಳ್ಳಲಾಗದ್ದು ದುಡಿಮೆಯದು. ಹೆಚ್ಚುವುದು, ಉಪ್ಪಿಡುವುದು, ನಾಲ್ಕು ಸಲ ಹುರಿಯುವುದು ಎಲ್ಲ ಸೇರಿ ಒಂದೂವರೆ ಗಂಟೆ. ಆ ಹೊತ್ತು ಒಲೆಯ ಮುಂದೆ ನಿಲ್ಲುವವರು ಬಹುಪಾಲು ಮನೆಯ ಹೆಂಗಸರು. ಕುಕ್ಕರ್ ಬಂದು ಅವರ ಬೆಳಗನ್ನು ಹಗುರ ಮಾಡಿದೆ, ಈಗ ಯಾವುದೋ ದೇಶದ ಶಾಸ್ತ್ರ ಹೇಳಿ ಮತ್ತೆ ಒಲೆಗೆ ಕಟ್ಟುವುದು ಎಷ್ಟು ಸರಿ? ಸರಿಯಲ್ಲ, ಇದು ದಿನದ ಅಡುಗೆಯಾಗಿದ್ದರೆ. ಕುಕ್ಕರಿನಲ್ಲಿ ಇದು ಆಗುವುದಿಲ್ಲ ಎನ್ನುವುದೂ ನಿಜ. ಅದರ ಒಳಗೆ ಶಾಖ 120 ಡಿಗ್ರಿಯ ಹತ್ತಿರ ಹೋದರೂ ಸೀಟಿಯಲ್ಲಿ ಹೋಗುವಷ್ಟು ಬಿಟ್ಟರೆ ಹಬೆ ಹೊರಗೆ ಹೋಗುವುದಿಲ್ಲ, ಹಬೆ ಹೋಗದೆ ನೀರು ಹಾರುವುದಿಲ್ಲ. ಆದ್ದರಿಂದ ರಟಟೂಯಿ ರಜಾದಿನದ ಅಡುಗೆ. ಹೋಳಿಗೆಗೆ ಹೂರಣ ರುಬ್ಬುವ ದಿನ ಮನೆಮಂದಿಯೆಲ್ಲ ಕೈಹಾಕುತ್ತಾರಲ್ಲ, ಹಾಗೆ ಹೆಚ್ಚುವ ಕೆಲಸ ಒಬ್ಬರಿಗೆ, ಹುರಿಯುವುದು ಇನ್ನೊಬ್ಬರಿಗೆ ಹಂಚಿಹೋದರೆ ಮಾತ್ರ ಇದರ ಹೊರೆ ಸಹಿಸುವಂಥದ್ದು. ಗಂಡಸರು ಕಲಿಯಲು ಒಳ್ಳೆಯ ಅಡುಗೆ ಎಂದೂ ಹೇಳಬಹುದು: ರುಬ್ಬುವುದಿಲ್ಲ, ಹದನೋಡಿ ನಾದುವುದಿಲ್ಲ, ಬೇಕಾದದ್ದು ತಾಳ್ಮೆಯೊಂದೇ. ಗ್ಯಾಸು ಹೆಚ್ಚು ಉರಿಯುತ್ತದೆ ಎಂಬ ಲೆಕ್ಕಕ್ಕೆ ಉತ್ತರ, ಒಮ್ಮೆ ಮಾಡಿದ್ದು ಫ್ರಿಜ್ಜಿನಲ್ಲಿ ಮೂರು ದಿನ ಚೆನ್ನಾಗಿರುತ್ತದೆ.

ಎಣ್ಣೆ ಜಾಸ್ತಿ ಎನ್ನುವ ಮಾತಿಗೆ, ಒಟ್ಟು ಎಂಟು ಹತ್ತು ಚಮಚ ಎಣ್ಣೆ ಐದು ಜನಕ್ಕೆ ಹಂಚಿಹೋದರೆ ತಲೆಗೆ ಎರಡು ಚಮಚ. ಮಂಡಕ್ಕಿಯ ಜೊತೆ ನಾಲ್ಕು ಮೆಣಸಿನಕಾಯಿ ಬಜ್ಜಿ ತಿನ್ನುವ ಊರಿನಲ್ಲಿ ಈ ಲೆಕ್ಕ ಕೇಳುವುದೇ ವಿಚಿತ್ರ. ಈರುಳ್ಳಿ ಬೆಳ್ಳುಳ್ಳಿ ತಿನ್ನದ ಮನೆಗಳಿಗೆ ಇದು ಸಲ್ಲದು, ಅವೆರಡೂ ಹೋದರೆ ಸಿಹಿಯೂ ಘಾಟೂ ಒಟ್ಟಿಗೆ ಹೋಗುತ್ತವೆ, ಬೇರೆ ಏನನ್ನಾದರೂ ಮಾಡಿಕೊಳ್ಳುವುದು ಲೇಸು. ಖಾರವಿಲ್ಲ ಎಂಬ ದೂರು ಮಾತ್ರ ಸ್ವಲ್ಪ ವಿಚಾರ ಬೇಡುತ್ತದೆ. ದಾವಣಗೆರೆ, ಹರಿಹರದ ನಾಲಿಗೆ ಖಾರಕ್ಕೆ ಒಗ್ಗಿದ್ದು. ಬಾಣಲೆಗೇ ಖಾರದ ಪುಡಿ ಸುರಿದರೆ ನಷ್ಟವೇನು ಎನಿಸಬಹುದು. ನಷ್ಟವಿದೆ: ಅಷ್ಟು ಹೊತ್ತು ನೀರು ಹಾರಿಸಿ ಹೊರತೆಗೆದ ಬದನೆಯ, ಟೊಮೆಟೊದ ಸಣ್ಣ ಸಣ್ಣ ರುಚಿಗಳ ಮೇಲೆ ಖಾರ ಕೂತುಬಿಡುತ್ತದೆ. ಒಂದು ಹಸಿಮೆಣಸಿನಕಾಯಿಯನ್ನು ಸೀಳಿ ಈರುಳ್ಳಿಯ ಜೊತೆ ಬಾಡಿಸಿ ತೆಗೆದುಬಿಡುವುದು ಒಂದು ಉಪಾಯ. ಇನ್ನೂ ಒಳ್ಳೆಯದು ಖಾರವನ್ನು ಪಕ್ಕದಲ್ಲಿ ಇಡುವುದು. ಜೋಳದ ರೊಟ್ಟಿಯ ತಟ್ಟೆಯಲ್ಲಿ ಹೇಗೂ ಶೇಂಗಾ ಚಟ್ನಿಪುಡಿ, ಕೆಂಪುಖಾರ ಇರುತ್ತವೆ. ನೀಸ್‌ನವರು ಬ್ರೆಡ್ಡಿನ ಜೊತೆ ತಿನ್ನುವ ಇದು ಗಟ್ಟಿಯಾಗಿರುವುದರಿಂದ ರೊಟ್ಟಿಯ ಚೂರಿನಲ್ಲಿ ಎತ್ತಿಕೊಳ್ಳಲು ಹೇಳಿಮಾಡಿಸಿದಂತಿದೆ, ಜೋಳದ ಸಪ್ಪೆಗೆ ಟೊಮೆಟೊದ ಹುಳಿಸಿಹಿ ಸರಿಯಾಗಿ ಕೂಡುತ್ತದೆ. ಅನ್ನಕ್ಕೆ ಮಾತ್ರ ಇದು ಹೊಂದುವುದಿಲ್ಲ. ಕಲಸಿಕೊಳ್ಳಲು ರಸವಿಲ್ಲ, ರಸಕ್ಕೆಂದು ನೀರು ಬೆರೆಸಿದರೆ ಮಾಡಿದ್ದೆಲ್ಲ ವ್ಯರ್ಥ.

ಬಿಸಿಬಿಸಿ ಬಡಿಸಬೇಕೆಂಬ ನಮ್ಮ ಹಟವನ್ನೂ ಇಲ್ಲಿ ಸಡಿಲಿಸಬಹುದು. ಅಲ್ಲಿ ಇದನ್ನು ಉಗುರುಬೆಚ್ಚಗೆ, ಬೇಸಿಗೆಯಲ್ಲಿ ತಣ್ಣಗೆ ತಿನ್ನುತ್ತಾರೆ. ಆರಿದಷ್ಟೂ ಹುಳಿ, ಸಿಹಿ, ಎಣ್ಣೆ ಒಂದಕ್ಕೊಂದು ಹೊಂದಿಕೊಂಡು ಮಾರನೆಯ ದಿನದ ರುಚಿ ಮೊದಲ ದಿನಕ್ಕಿಂತ ಮೇಲಾಗುತ್ತದೆ. ನೀಸ್‌ನಲ್ಲಿ ಇದು ಬೇಸಿಗೆಯ ಅಡುಗೆ, ನಮ್ಮಲ್ಲಿ ಕಾಲ ನೋಡುವುದಕ್ಕಿಂತ ದರ ನೋಡುವುದು ಜಾಣತನ. 2023ರ ಜುಲೈಯಲ್ಲಿ ಟೊಮೆಟೊ ಕಿಲೊಗೆ ನೂರು ರೂಪಾಯಿ ದಾಟಿತ್ತು, ಬೇರೆ ತಿಂಗಳುಗಳಲ್ಲಿ ಅದೇ ಟೊಮೆಟೊವನ್ನು ರೈತರು ಕೊಳ್ಳುವವರಿಲ್ಲದೆ ರಸ್ತೆಗೆ ಸುರಿದದ್ದೂ ಇದೆ. ದಾವಣಗೆರೆಯ ಗಡಿಯಾರ ಕಂಬದ ಹತ್ತಿರದ ಪೇಟೆಯಲ್ಲಿ ಟೊಮೆಟೊ, ಬದನೆ ಎರಡೂ ಅಗ್ಗವಾಗಿ ಬಿದ್ದಿರುವ ವಾರ ಇದಕ್ಕೆ ಸರಿಯಾದ ವಾರ. ಎರಡು ಪಟ್ಟು ಮಾಡಿ ಎರಡು ಡಬ್ಬಿಗೆ ತುಂಬಿಡಿ. ಒಂದು ರೊಟ್ಟಿಗೆ, ಇನ್ನೊಂದರಲ್ಲಿ ಉಳಿದದ್ದನ್ನು ಮೂರನೆಯ ದಿನ ದೋಸೆಯ ಒಳಗೆ ಆಲೂಗಡ್ಡೆ ಪಲ್ಯದ ಬದಲು ಹರಡಬಹುದು, ದೋಸೆ ಮಾತ್ರ ಸ್ವಲ್ಪ ಗರಿಗರಿಯಾಗಿರಲಿ.